ಅಲೆಮಾರಿಯ ಬಾಯಿಗೆ ಯಜಮಾನನ ಮಾತು



ಸಿನಿಮಾ ಬಗ್ಗೆ ಬರೆಯೋಕೆ ಇದು ಹೊತ್ತೇ ಅಂತ ಕೇಳುವವರು ನಮ್ಮಲ್ಲೇ ಇದ್ದಾರೆ. ಸ್ಕಾಲರ್‌ಶಿಪ್ ಬಂದಿಲ್ಲ, ಸಾರಿನಲ್ಲಿ ಬೇಳೆ ಹುಡುಕಬೇಕು, ಊರಿಂದ ಕಾಗದ ಬಂದರೆ ಬಿಚ್ಚೋಕೆ ಭಯ. ಇಂಥಾದ್ದರಲ್ಲಿ ನೀವು ನೂರು ವರ್ಷದ ಹಿಂದಿನ ಚಾಪ್ಲಿನ್ನನ್ನ ಹಿಡಕೊಂಡು ಕೂತಿದ್ದೀರಲ್ಲ ಅಂತ. ಹೌದು, ಕೂತಿದ್ದೇವೆ. ಯಾಕಂದರೆ ಈ ಸಿನಿಮಾ ಬೇಳೆಯ ಬಗ್ಗೆಯೇ ಇದೆ. ಬೇಳೆ ಇಲ್ಲದ ಹೊತ್ತಿನಲ್ಲಿ ಬೂಟು ಬೇಯಿಸಿ ತಿಂದವನ ಬಗ್ಗೆ ಇದೆ. ಅದಕ್ಕಿಂತ ಹೆಚ್ಚಾಗಿ, ಅವನ ಕತೆಯನ್ನ ಆಮೇಲೆ ಯಾರು ಹೇಗೆ ತಿದ್ದಿದರು, ತಿದ್ದಿದ್ದನ್ನ ಹೇಗೆ ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರಿದರು ಅನ್ನೋದರ ಬಗ್ಗೆ ನಮಗೆ ಸಿಟ್ಟಿದೆ. ಆ ಸಿಟ್ಟಿಗೆ ಈ ಹಾಳೆ.

ಸಿನಿಮಾ ಹೆಸರು ‘ದಿ ಗೋಲ್ಡ್ ರಶ್’. 1925ರ ಜೂನ್ ತಿಂಗಳಲ್ಲಿ ಹಾಲಿವುಡ್ಡಿನಲ್ಲಿ ತೆರೆ ಕಂಡ ಮೂಕಿ ಚಿತ್ರ. ಚಿನ್ನ ಸಿಗುತ್ತೆ ಅಂತ ಅಲಾಸ್ಕಾದ ಹಿಮಕ್ಕೆ ನುಗ್ಗಿದ ಸಾವಿರಾರು ಜನರ ನಡುವೆ ಒಬ್ಬ ಕೋಲು ಟೋಪಿಯ ಬಡಪಾಯಿ. ನಮಗೆ ಇದು ಸಿಕ್ಕಿದ್ದು 2003ರಲ್ಲಿ ವಾರ್ನರ್ ಮತ್ತು ಎಂಕೆ2 ಕಂಪನಿಗಳು ಹೊರತಂದ ಡಿವಿಡಿ ಪೆಟ್ಟಿಗೆಯಲ್ಲಿ. ಎರಡು ತಟ್ಟೆ. ಒಬ್ಬ ಮೇಷ್ಟ್ರು ತಮ್ಮ ಕಪಾಟಿನಿಂದ ತೆಗೆದು, ಗೀರು ಬಿದ್ದರೆ ನಿಮ್ಮ ಇಂಟರ್ನಲ್ ಮಾರ್ಕ್ಸಿಗೂ ಗೀರು ಬೀಳುತ್ತೆ ಅಂತ ನಗ್ತಾ ಕೊಟ್ಟರು. ಊಟದ ಹಾಲಿನ ಗೋಡೆಗೆ ಎರಡು ಬೆಡ್‌ಶೀಟು ಹೊಲಿದು ಕಟ್ಟಿ, ಎರವಲು ಪ್ರೊಜೆಕ್ಟರಿನಲ್ಲಿ ಬಿಟ್ಟೆವು.

ಒಂದನೇ ತಟ್ಟೆ ಹಾಕಿದ್ದು ನಮ್ಮ ತಪ್ಪಲ್ಲ. ಒಂದು ಅಂತ ಬರೆದಿದ್ದರೆ ಯಾರಾದರೂ ಅದನ್ನೇ ಹಾಕುತ್ತಾರೆ. ಹಿಮ ಕಾಣಿಸಿತು, ಇರುವೆ ಸಾಲಿನ ಹಾಗೆ ಬೆಟ್ಟ ಹತ್ತುವ ಜನ ಕಾಣಿಸಿದರು, ಅಷ್ಟರಲ್ಲಿ ಒಂದು ಧ್ವನಿ ಶುರುವಾಯ್ತು. ಇಂಗ್ಲಿಷು. ದಪ್ಪ, ನಯ, ಊಟವಾದ ಮೇಲಿನ ಧ್ವನಿ. ಪರದೆ ಮೇಲೆ ಏನು ನಡೀತಿದೆಯೋ ಅದನ್ನೇ ನಮಗೆ ಬಿಡಿಸಿ ಬಿಡಿಸಿ ಹೇಳೋದು. ಅವನು ನಡೆದರೆ ‘ನಡೆದ’ ಅನ್ನೋದು. ಅವನು ನಡುಗಿದರೆ ‘ನಡುಗಿದ’ ಅನ್ನೋದು. ಯಾರದ್ದಪ್ಪ ಈ ಧ್ವನಿ ಅಂದರೆ, ಚಾಪ್ಲಿನ್ ಅವರದ್ದೇ. 1942ರಲ್ಲಿ, ಅಂದರೆ ಚಿತ್ರ ಬಂದ ಹದಿನೇಳು ವರ್ಷದ ಮೇಲೆ, ಅವರು ತಮ್ಮದೇ ಚಿತ್ರವನ್ನ ಮತ್ತೆ ಕತ್ತರಿಸಿ, ಅಕ್ಷರದ ಕಾರ್ಡುಗಳನ್ನ ಕಿತ್ತು, ಸಂಗೀತ ಕೂಡಿಸಿ, ತಮ್ಮ ಧ್ವನಿಯಲ್ಲಿ ಕತೆ ಹೇಳಿ ಮರುಬಿಡುಗಡೆ ಮಾಡಿದರು. ಈ ರೂಪ ಸುಮಾರು 72 ನಿಮಿಷ. ಅದೇ ಒಂದನೇ ತಟ್ಟೆ.

1925ರ ಮೂಕಿ ಎಲ್ಲಿ? ಎರಡನೇ ತಟ್ಟೆಯಲ್ಲಿ. ಪೋಸ್ಟರು, ಫೋಟೋ, ಸಾಕ್ಷ್ಯಚಿತ್ರಗಳ ಜೊತೆ. ಉಳಿದ ಬಳಿದ ಸಾಮಾನಿನ ಜೊತೆ. ಹೆತ್ತ ತಾಯನ್ನ ಹಿತ್ತಲಿನ ಕೋಣೆಯಲ್ಲಿ ಕೂರಿಸಿ, ಬಂದವರಿಗೆ ಹಾಲಿನಲ್ಲಿ ಅವಳ ಫೋಟೋ ತೋರಿಸಿದ ಹಾಗೆ.

ಮಾರನೇ ರಾತ್ರಿ ಎರಡನೇ ತಟ್ಟೆ ನೋಡಿದೆವು. ನೋಡಿದ ಮೇಲೆ ಬೆಳಗಿನ ಜಾವದವರೆಗೆ ಜಗಳ.

ಮೊದಲು ಹೆಸರಿನ ಮಾತು. 1925ರ ಚಿತ್ರದಲ್ಲಿ ಈ ಮನುಷ್ಯನಿಗೆ ಹೆಸರಿಲ್ಲ, ಆದರೆ ಕಸುಬಿದೆ. ಒಂಟಿ ಚಿನ್ನಶೋಧಕ ಅಂತ ಕಾರ್ಡು ಹೇಳುತ್ತೆ. ಚಿನ್ನ ಸಿಗಲಿ ಬಿಡಲಿ, ಅವನು ಕೆಲಸಕ್ಕೆ ಬಂದವನು. ಮಿಕ್ಕ ಸಾವಿರ ಜನರ ಸಮಕ್ಕೆ ಅವನೂ ಒಬ್ಬ. 1942ರಲ್ಲಿ ಧ್ವನಿಯ ಯಜಮಾನರು ಅವನನ್ನ ಏನಂತ ಕರೀತಾರೆ? ‘ಲಿಟಲ್ ಫೆಲೋ’. ಪಾಪದ ಪುಟ್ಟ ಮನುಷ್ಯ. ನೋಡ್ರಿ, ಕಸುಬು ಹೋಯ್ತು, ತಲೆ ಸವರೋ ಕೈ ಬಂತು. ನಮ್ಮ ಅಜ್ಜಂದಿರಿಗೆ ಎಪ್ಪತ್ತು ವರ್ಷವಾದರೂ ಧಣಿಗಳ ಅಂಗಳದಲ್ಲಿ ‘ಲೇ ಹುಡುಗ’ ಅನ್ನಿಸಿಕೊಂಡ ನೆನಪಿದೆ. ಪ್ರೀತಿಯಿಂದಲೇ ಕರೀತಿದ್ದರು ಅಂತ ಧಣಿಗಳ ಮೊಮ್ಮಕ್ಕಳು ಇವತ್ತಿಗೂ ಹೇಳುತ್ತಾರೆ. ಇರಬಹುದು. ಆ ಪ್ರೀತಿಯ ತೂಕ ಎಷ್ಟು ಅನ್ನೋದು ತಲೆ ಬಗ್ಗಿಸಿದವನಿಗೆ ಗೊತ್ತು.

ಇನ್ನು ಚೀಟಿಯ ವಿಚಾರ. ಇದು ದೊಡ್ಡದು, ನಿಂತು ಹೇಳಬೇಕು.

ಹಿಮದ ಊರಿನ ಕುಣಿತದ ಹಾಲಿನಲ್ಲಿ ಜಾರ್ಜಿಯಾ ಎಂಬ ಹುಡುಗಿ. ನಮ್ಮವನು ಅವಳನ್ನ ಮೆಚ್ಚಿದ್ದಾನೆ. ಹೊಸ ವರ್ಷದ ಹಿಂದಿನ ರಾತ್ರಿ ಊಟಕ್ಕೆ ಬರ್ತೀವಿ ಅಂತ ಅವಳೂ ಗೆಳತಿಯರೂ ಹೇಳಿ ಹೋಗುತ್ತಾರೆ. ಅವರಿಗೆ ಅದು ತಮಾಷೆ. ಇವನು ಮನೆಮನೆ ಬಾಗಿಲ ಹಿಮ ಎತ್ತಿ ದುಡ್ಡು ಕೂಡಿಸಿ ಮೇಜು ಸಿಂಗರಿಸುತ್ತಾನೆ. ಯಾರೂ ಬರಲ್ಲ. ಬಂದರು ಅಂತ ಕನಸು ಕಾಣುತ್ತಾನೆ. ಕನಸಿನಲ್ಲೇ ಎರಡು ಫೋರ್ಕಿಗೆ ಎರಡು ಬನ್ನು ಚುಚ್ಚಿ ಕುಣಿಸುತ್ತಾನೆ. ಲೋಕವೆಲ್ಲ ಹೊಗಳುವ ಬನ್ನಿನ ಕುಣಿತ ಇದೇ. ಎಚ್ಚರವಾದಾಗ ದೂರದ ಹಾಲಿನಲ್ಲಿ ಜನ ಹಾಡ್ತಾ ಇದ್ದಾರೆ, ಇವನು ಬಾಗಿಲಲ್ಲಿ ನಿಂತು ಕೇಳುತ್ತಾನೆ. ಆಮೇಲೆ ಬಂದ ಜಾರ್ಜಿಯಾ ಖಾಲಿ ಮನೆಯ ಮೇಜು ನೋಡಿ ಮುಖ ಬಾಡಿಸಿಕೊಳ್ಳುತ್ತಾಳೆ.

ಇಲ್ಲಿವರೆಗೆ ಎರಡೂ ತಟ್ಟೆಯಲ್ಲಿ ಹೆಚ್ಚುಕಮ್ಮಿ ಒಂದೇ. ಮುಂದೆ ಜಾರ್ಜಿಯಾ ಒಂದು ಚೀಟಿ ಬರೆಯುತ್ತಾಳೆ. ಕ್ಷಮೆ ಕೇಳಿ, ಪ್ರೀತಿ ಹೇಳಿ. ಯಾರಿಗೆ? 1925ರಲ್ಲಿ ಜಾಕ್ ಎಂಬ ಎತ್ತರದ, ದುಡ್ಡಿನ, ಸೊಕ್ಕಿನ ಗಂಡಸಿಗೆ. ಆ ಜಾಕ್ ಅದನ್ನ ಓದಿ ನಗುತ್ತಾನೆ, ಪಕ್ಕದವರಿಗೆ ತೋರಿಸುತ್ತಾನೆ. ಅಷ್ಟರಲ್ಲಿ ನಮ್ಮವನು ಒಳಗೆ ಬರುತ್ತಾನೆ. ಜಾಕ್‌ಗೆ ಇನ್ನೊಂದು ತಮಾಷೆ ಹೊಳೆಯುತ್ತೆ. ಅದೇ ಚೀಟಿಯನ್ನ ಇವನಿಗೆ ಕಳಿಸುತ್ತಾನೆ. ನಮ್ಮವನು ಅದು ತನಗೇ ಬರೆದಿದ್ದು ಅಂತ ನಂಬಿ ಹುಚ್ಚನ ಹಾಗೆ ಅವಳನ್ನ ಹುಡುಕುತ್ತಾನೆ. ಇಡೀ ಹಾಲಿಗೆ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ.

ನಮ್ಮ ಊಟದ ಹಾಲಿನಲ್ಲಿ ಇಲ್ಲಿ ನಗು ನಿಂತಿತು. ಹೈಸ್ಕೂಲಿನಲ್ಲಿ ಯಾರೋ ಬರೆದ ಚೀಟಿ ಕೈಗೆ ಬಂದು, ನಂಬಿ, ಮಾರನೇ ದಿನ ಇಡೀ ಕ್ಲಾಸಿನ ನಗುವಿಗೆ ಸಿಕ್ಕವರು ನಮ್ಮಲ್ಲಿ ಒಬ್ಬರಲ್ಲ, ಮೂವರಿದ್ದಾರೆ. ಅವರು ಯಾರೂ ಮಾತಾಡಲಿಲ್ಲ. ಮಾತಾಡೋದು ಬೇಕಾಗಿಯೂ ಇರಲಿಲ್ಲ.

1942ರಲ್ಲಿ? ಆ ಚೀಟಿ ನೇರವಾಗಿ ನಮ್ಮವನಿಗೇ ಬರೆದದ್ದು ಅಂತಾಗಿದೆ. ಜಾಕ್‌ನ ಕ್ರೌರ್ಯ ಮಾಯ. ಹಾಲಿನ ನಗು ಮಾಯ. ಜಾರ್ಜಿಯಾ ಒಳ್ಳೆಯವಳು, ಊರು ಒಳ್ಳೆಯದು, ಎಲ್ಲಾ ತಪ್ಪುಗ್ರಹಿಕೆ. ಅದೇ ನಟರು, ಅದೇ ಹಿಮ. ಒಂದು ಕತ್ತರಿ, ಒಂದು ಧ್ವನಿ. ಅಷ್ಟೇ ಸಾಕಾಯ್ತು ಅವಮಾನವನ್ನ ಪ್ರೇಮಕತೆ ಮಾಡೋಕೆ. ನಮ್ಮ ಊರಿನ ಕತೆಗಳನ್ನ ಪಠ್ಯಪುಸ್ತಕಕ್ಕೆ ಹಾಕುವಾಗ ಆಗೋದೂ ಇದೇ ಅಲ್ಲವೇ? ಕೆರೆ ಇರುತ್ತೆ, ಬಾವಿ ಇರುತ್ತೆ, ಬಾವಿಯ ಹತ್ತಿರ ನಿಂತು ಕಾಯುತ್ತಿದ್ದವಳು ಇರಲ್ಲ.

ಕೊನೆಯನ್ನೂ ಕತ್ತರಿಸಿದ್ದಾರೆ. ಚಿನ್ನ ಸಿಕ್ಕಿ ಕೋಟ್ಯಧೀಶನಾದವನು ಹಡಗಿನಲ್ಲಿ ಪತ್ರಿಕೆಯವರಿಗೋಸ್ಕರ ಹಳೇ ಹರಕು ಬಟ್ಟೆ ತೊಟ್ಟು ಫೋಟೋಗೆ ನಿಲ್ಲುತ್ತಾನೆ. ಹಿಂದೆ ಸರಿದು ಕೆಳಗಿನ ಬಡವರ ಅಂತಸ್ತಿಗೆ ಬೀಳುತ್ತಾನೆ. ಅಲ್ಲಿ ಜಾರ್ಜಿಯಾ. ಇವನು ಟಿಕೆಟ್ ಇಲ್ಲದೆ ಹಡಗು ಹತ್ತಿದವನು ಅಂತ ತಿಳಿದು, ಇವನ ಟಿಕೆಟಿನ ದುಡ್ಡು ತಾನು ಕೊಡ್ತೀನಿ ಅಂತ ಮುಂದೆ ಬರುತ್ತಾಳೆ. 1925ರಲ್ಲಿ ಇಬ್ಬರೂ ಕ್ಯಾಮರಾ ಎದುರು ಮುತ್ತಿಡುತ್ತಾರೆ, ಫೋಟೋದವನು ಚಿತ್ರ ಕೆಡಿಸಿದಿರಿ ಅಂತ ಗೊಣಗುತ್ತಾನೆ. 1942ರಲ್ಲಿ ಮುತ್ತೂ ಇಲ್ಲ, ಗೊಣಗೂ ಇಲ್ಲ. ಮೆಟ್ಟಿಲು ಹತ್ತಿ ಹೋಗುತ್ತಾರೆ, ಮುಗೀತು. ಮುತ್ತು ಹೋದದ್ದಕ್ಕೆ ನಮಗೆ ಅಷ್ಟು ದುಃಖವಿಲ್ಲ (ಎರಡನೇ ವರ್ಷದ ಹುಡುಗರಿಗೆ ಇತ್ತು). ಆದರೆ ಬಡವನ ವೇಷ ತೊಟ್ಟ ಶ್ರೀಮಂತನಿಗೆ ‘ಚಿತ್ರ ಕೆಡಿಸಿದೆ’ ಅನ್ನುವ ಆ ಒಂದು ಮಾತು ಇತ್ತಲ್ಲ, ಅದನ್ನ ತೆಗೆದದ್ದು ಯಾಕೆ ಸ್ವಾಮಿ?

ಈಗ ಎದುರುವಾದಿಗಳಿಗೆ ಬರೋಣ. ಚಿತ್ರಸಮಾಜದ ಜುಬ್ಬಾದವರು ಹೇಳುತ್ತಾರೆ: ಚಿತ್ರ ಅವನದ್ದು, ಅವನೇ ತಿದ್ದಿದ. ಕೊನೆಗೆ ಕರ್ತೃ ಒಪ್ಪಿದ ರೂಪವೇ ಪ್ರಮಾಣ. ನೀವು ಯಾರು ಕೇಳೋಕೆ?

ನಾವು ನೋಡಿದವರು. ಅಷ್ಟು ಸಾಲದೇ? ಚಾಪ್ಲಿನ್ ಹಸಿವು ಕಾಣದವರಲ್ಲ. 1889ರಲ್ಲಿ ಹುಟ್ಟಿ, ಏಳು ವರ್ಷದ ಹೊತ್ತಿಗೆ ಲಂಡನ್ನಿನ ಲ್ಯಾಂಬೆತ್ ಬಡವರ ಮನೆಯ ಗಂಜಿ ಉಂಡವರು. 1925ರ ಚಿತ್ರದಲ್ಲಿ ಆ ಗಂಜಿಯ ನೆನಪು ಹಸಿಯಾಗಿದೆ. 1942ರ ಹೊತ್ತಿಗೆ ಅವರು ಯುನೈಟೆಡ್ ಆರ್ಟಿಸ್ಟ್ಸ್‌ನ ಒಡೆಯರಲ್ಲೊಬ್ಬರು, ಲೋಕ ಕಂಡ ಶ್ರೀಮಂತ. ಬೂಟು ತಿಂದವನೂ ಅವರೇ, ಬೂಟು ತಿಂದವನ ಬಗ್ಗೆ ನಯವಾಗಿ ವಿವರಿಸುವವರೂ ಅವರೇ. ನಮಗೆ ಹೆದರಿಕೆ ಆಗಿದ್ದು ಇಲ್ಲೇ. ಹೊರಗಿನ ಯಜಮಾನ ಬಂದು ನಮ್ಮ ಬಾಯಿಗೆ ಮಾತು ತುರುಕಿದರೆ ಜಗಳ ಆಡಬಹುದು. ನಮ್ಮೊಳಗಿನವನೇ ಮೇಲೆ ಹೋಗಿ, ಹದಿನೇಳು ವರ್ಷದ ಮೇಲೆ ಹಿಂದಿರುಗಿ ನೋಡಿ, ‘ಪಾಪದ ಪುಟ್ಟ ಮನುಷ್ಯ’ ಅಂದರೆ? ಈ ಹಾಸ್ಟೆಲಿಂದ ಹೋಗಿ ಆಫೀಸರಾದವರು ಭಾಷಣಕ್ಕೆ ಬಂದಾಗ ತಮ್ಮ ಹಸಿವನ್ನ ಹೇಳುವ ರೀತಿ ಕೇಳಿದ್ದೀರಲ್ಲ. ಹಸಿವು ಅಷ್ಟು ಚೆಂದ ಇರುತ್ತೆ ಅಂತ ನಮಗೆ ಗೊತ್ತೇ ಇರಲಿಲ್ಲ. ನಾವು ಪದ್ಯ ಬರೆಯುವವರು ಕೂಡ ನಗಬಾರದು. ಎಂ.ಎ. ಮುಗಿಸಿದ ಮೇಲೆ ನಮ್ಮ ಅವ್ವನ ಬಗ್ಗೆ ಬರೆದ ಸಾಲಿನಲ್ಲಿ ಯಾರ ಧ್ವನಿ ಇದೆ ಅಂತ ಒಂದು ಸಲ ಓದಿಕೊಂಡರೆ ತಿಳಿಯುತ್ತೆ.

ಇನ್ನೊಂದು ವಾದ: 1942ರದ್ದೇ ಚಿತ್ರ ಸ್ವಚ್ಛ, ಗೀರು ಕಮ್ಮಿ, ಚಾಪ್ಲಿನ್ ಕೂಡಿಸಿದ ಸಂಗೀತ ಇದೆ. ಒಪ್ಪಿದೆವು. ಸಂಗೀತ ಚೆನ್ನಾಗಿದೆ. ಅದಕ್ಕೂ ಶಬ್ದಗ್ರಹಣಕ್ಕೂ ಆಸ್ಕರ್ ನಾಮಕರಣವೂ ಆಗಿತ್ತು. ಆದರೆ 1925ರದ್ದು ಯಾಕೆ ಗೀರುಗೀರಾಗಿದೆ ಅಂತ ಕೇಳಿದಿರಾ? ಅದನ್ನ ಯಾರೂ ಕಾಯಲಿಲ್ಲ. ಅಮೆರಿಕದಲ್ಲಿ ಹಕ್ಕು ನವೀಕರಿಸದೆ ಬಿಟ್ಟದ್ದರಿಂದ 1953ರಲ್ಲಿ ಅದು ದಿಕ್ಕಿಲ್ಲದ ಸ್ವತ್ತಾಯ್ತು. ಯಾರು ಬೇಕಾದರೂ ಸವೆದ ಪ್ರತಿಯಿಂದ ಪ್ರತಿ ಮಾಡಿ, ಸಿಕ್ಕ ಸಂಗೀತ ಅಂಟಿಸಿ ಮಾರಿದರು. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಒಂದೇ ತಟ್ಟೆಗೆ ಐದಾರು ಚಾಪ್ಲಿನ್ ತುಂಬಿ ಮಾರುತ್ತಿದ್ದದ್ದೂ ಆ ಜಾತಿಯ ಸರಕೇ. ಅಲೆಮಾರಿಯ ಚಿತ್ರ ಅಲೆಮಾರಿಯೇ ಆಗಿ ಹರಕು ಬಟ್ಟೆಯಲ್ಲಿ ಬೀದಿ ಸುತ್ತಿತು, ತಿದ್ದಿದ ಚಿತ್ರ ಉಯಿಲು ಪತ್ರ ಹಿಡಿದು ಮನೆಯಲ್ಲಿ ಕೂತಿತು. ಆಮೇಲೆ 1993ರಲ್ಲಿ ಕೆವಿನ್ ಬ್ರೌನ್‌ಲೊ ಮತ್ತು ಡೇವಿಡ್ ಗಿಲ್ ಎಂಬಿಬ್ಬರು ಅಲ್ಲಿ ಇಲ್ಲಿ ಉಳಿದ ಪ್ರತಿಗಳನ್ನ ಕೂಡಿಸಿ 1925ರ ರೂಪವನ್ನ ಮತ್ತೆ ಕಟ್ಟಿದರು. ನಮಗೆ ಎರಡನೇ ತಟ್ಟೆಯಲ್ಲಿ ಸಿಕ್ಕ ಮೂಕಿ ಆ ಶ್ರಮದ್ದು. ನೀಲ್ ಬ್ರಾಂಡ್ ಎಂಬವರ ಪಿಯಾನೊ ಒಂದೇ ಜೊತೆಗೆ. ಗೀರಿದ್ದರೆ ಇರಲಿ. ನಮ್ಮ ಅಪ್ಪಂದಿರ ಕೈಯಲ್ಲೂ ಇವೆ.

ಮೂರನೇ ವಾದ ನಮ್ಮ ಕೋಣೆಯಿಂದಲೇ ಬಂತು, ಅದಕ್ಕೆ ನಾವು ತಕ್ಷಣ ಉತ್ತರ ಕೊಡಲಾಗಲಿಲ್ಲ. ರಾಯಚೂರು ಕಡೆಯ ಗೆಳೆಯನೊಬ್ಬ ಅಂದ: ‘ನಿಮಗೇನ್ರಪಾ, ಕಾರ್ಡು ಓದಾಕ ಬರ್ತದ. ನಮ್ಮಪ್ಪಗ ಓದಾಕ ಬರಂಗಿಲ್ಲ. ಅವಗ ಯಾರರ ಬಾಯಿಲೆ ಹೇಳಿದ್ರ ಛಲೋ ಅಲ್ಲೇನು?’ ಸರಿಯಾದ ಮಾತು. ಮೂಕಿ ಚಿತ್ರ ಎಲ್ಲರ ಭಾಷೆ ಅಂತ ಹೊಗಳುವವರು ಕಾರ್ಡನ್ನ ಮರೆಯುತ್ತಾರೆ. ಅಕ್ಷರ ಕೊಡದೆ ಇಟ್ಟವರಿಗೆ ಕಾರ್ಡೂ ಒಂದು ಬೀಗವೇ.

ಆದರೆ ಕಾರ್ಡಿನ ಬೀಗಕ್ಕೆ ಕೀಲಿ ಮಾಡಬಹುದು. ಕಾರ್ಡು ಬದಲಿಸಿದರೆ ಭಾಷೆ ಬದಲಾಗುತ್ತೆ. ಮೂಕಿ ಕಾಲದಲ್ಲಿ ನಮ್ಮ ದೇಶದ ಚಿತ್ರಗಳಿಗೆ ಒಂದೇ ಕಾರ್ಡಿನಲ್ಲಿ ಎರಡು ಮೂರು ಭಾಷೆ ಬರೆಯುತ್ತಿದ್ದರು. ಧ್ವನಿಯ ಬೀಗಕ್ಕೆ ಕೀಲಿ ಇಲ್ಲ. ಅದು ಇಂಗ್ಲಿಷಿನಲ್ಲೇ, ಆ ಯಜಮಾನರ ಗತ್ತಿನಲ್ಲೇ, ಚಿತ್ರದ ಮೈಗೆ ಅಂಟಿಕೊಂಡಿದೆ. ಪೆಟ್ಟಿಗೆಯಲ್ಲಿ ಅಡಿಬರಹಗಳು ಹಲವು ಭಾಷೆಯಲ್ಲಿವೆ, ಕನ್ನಡ ಇಲ್ಲ. ಅದಕ್ಕೇ ಎರಡನೇ ರಾತ್ರಿ ನಾವೊಂದು ಕೆಲಸ ಮಾಡಿದೆವು. ಕಾರ್ಡು ಬಂದಾಗ ಒಬ್ಬ ನಿಂತು ಕನ್ನಡದಲ್ಲಿ ಕೂಗಿ ಹೇಳೋದು. ಮೊದಲ ಅರ್ಧ ರಾಯಚೂರಿನವನು, ಆಮೇಲೆ ಚಾಮರಾಜನಗರದವನು. ಜಾಕ್‌ನ ಮಾತು ಬಂದಾಗ ನಮ್ಮ ಊರಿನ ಗೌಡರ ದನಿ ತಾನಾಗಿ ಬಂತು. ಅಡುಗೆಯ ಅಮ್ಮಂದಿರಿಬ್ಬರು ಕಸಬರಿಕೆ ಹಿಡಿದು ಬಾಗಿಲಲ್ಲಿ ನಿಂತವರು ಕೊನೆವರೆಗೆ ಹೋಗಲಿಲ್ಲ.

ಬೂಟಿನ ದೃಶ್ಯ ಬಂದಾಗ ನಡೆದದ್ದನ್ನ ಹೇಳಲೇಬೇಕು. ಹಿಮದಲ್ಲಿ ಸಿಕ್ಕಿಬಿದ್ದ ಗುಡಿಸಲು, ಚಾರ್ಲಿ ಮತ್ತು ಬಿಗ್ ಜಿಮ್. ಹಬ್ಬದ ದಿನ. ತಿನ್ನೋಕೆ ಏನೂ ಇಲ್ಲ. ಚಾರ್ಲಿ ತನ್ನ ಒಂದು ಬೂಟು ಬೇಯಿಸುತ್ತಾನೆ. ದೊಡ್ಡವನು ತಟ್ಟೆ ಅದಲುಬದಲು ಮಾಡಿ ಮೇಲಿನ ಮೆತ್ತನೆ ತೊಗಲು ತಾನು ತಗೊಂಡು, ಮೊಳೆಯಿರುವ ಅಟ್ಟೆಯನ್ನ ಇವನಿಗೆ ತಳ್ಳುತ್ತಾನೆ. ಬೂಟು ಕೊಟ್ಟವನಿಗೇ ಮೊಳೆ. ಇವನು ಮೊಳೆಗಳನ್ನ ಕೋಳಿ ಮೂಳೆ ಚೀಪಿದ ಹಾಗೆ ಚೀಪಿ, ಲೇಸನ್ನ ಶ್ಯಾವಿಗೆ ಹಾಗೆ ಸುತ್ತಿ ತಿನ್ನುತ್ತಾನೆ. ಆಮೇಲೆ ಒಂದು ಕಾಲಿಗೆ ಚಿಂದಿ ಸುತ್ತಿಕೊಂಡೇ ಓಡಾಡುತ್ತಾನೆ. ಅದು ಅತಿಮಧುರದ ಮಿಠಾಯಿಯಲ್ಲಿ ಮಾಡಿದ ಬೂಟು ಅಂತ ನಮಗೆ ಗೊತ್ತಿತ್ತು. ಈ ದೃಶ್ಯ ಹುಟ್ಟಿದ ಮೂಲ ಮಿಠಾಯಿಯದ್ದಲ್ಲ. 1846–47ರ ಚಳಿಗಾಲ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಸಿಕ್ಕಿಬಿದ್ದ ಡಾನರ್ ತಂಡದ ವಲಸಿಗರು ದನದ ಚರ್ಮ ಬೇಯಿಸಿ ತಿಂದರು, ಸತ್ತವರ ಮಾಂಸವನ್ನೂ ತಿಂದರು. ಚಾಪ್ಲಿನ್ ಅದನ್ನ ಓದಿದ್ದರು. ನಮ್ಮ ಹಾಲಿನಲ್ಲಿ ಜೋರು ನಗು. ಆ ನಗುವಿನ ಮಧ್ಯೆ ಅಡುಗೆಯ ಅಮ್ಮ ಅಂದದ್ದು ಇಷ್ಟು: ‘ತೊಗಲು ಹಂಗೆಲ್ಲಾ ಬೇಗ ಬೇಯಲ್ಲ ಕಣ್ರೋ.’ ಯಾವ ತಟ್ಟೆಯ ಯಾವ ವಿವರಣೆಯಲ್ಲೂ ಆ ಮಾತಿಲ್ಲ. ಒಂದನೇ ತಟ್ಟೆ ಹಾಕಿದ್ದರೆ ಆ ಹೊತ್ತಿಗೆ ಧ್ವನಿ ಮಾತಾಡುತ್ತಾ ಇರುತ್ತಿತ್ತು, ಅವಳ ಮಾತು ನಮಗೆ ಕೇಳುತ್ತಲೇ ಇರಲಿಲ್ಲ.

ಚಿತ್ರದ ಶುರುವಿನಲ್ಲಿ ಹಿಮದ ಕಣಿವೆ ಹತ್ತುವ ಸಾಲು ಹೇಳಿದೆವಲ್ಲ. ಅದನ್ನ ತೆಗೆದದ್ದು 1924ರಲ್ಲಿ, ಕ್ಯಾಲಿಫೋರ್ನಿಯಾದ ಟ್ರಕೀ ಹತ್ತಿರ. ಹತ್ತಿದವರು ಸ್ಯಾಕ್ರಮೆಂಟೊದಿಂದ ರೈಲಿನಲ್ಲಿ ತುಂಬಿ ತಂದ ನೂರಾರು ಮನೆಮಠವಿಲ್ಲದ ಜನ. ನಿಜವಾದ ಅಲೆಮಾರಿಗಳು. ಅವರ ಹೆಸರು ಯಾವ ರೂಪದಲ್ಲೂ ಇಲ್ಲ, ಯಾವ ತಟ್ಟೆಯಲ್ಲೂ ಇಲ್ಲ. 1925ರಲ್ಲಿ ಕನಿಷ್ಠ ಅವರ ಮೇಲೆ ಯಾರೂ ಮಾತಾಡಲ್ಲ.

ಚಾಪ್ಲಿನ್ನನ್ನ ದೇವರು ಮಾಡೋಕೆ ನಾವು ಬಂದಿಲ್ಲ. ಜಾರ್ಜಿಯಾ ಪಾತ್ರಕ್ಕೆ ಮೊದಲು ಆರಿಸಿದ್ದು ಲೀಟಾ ಗ್ರೇ ಎಂಬ ಹುಡುಗಿಯನ್ನ. ಅವಳು ಬಸುರಿಯಾದಳು, 1924ರ ನವೆಂಬರಿನಲ್ಲಿ ಮೆಕ್ಸಿಕೋದಲ್ಲಿ ಮದುವೆ. ಅವಳಿಗೆ 16, ಅವರಿಗೆ 35. ಪಾತ್ರ ಜಾರ್ಜಿಯಾ ಹೇಲ್‌ಗೆ ಹೋಯ್ತು. ಹಾಸ್ಯದ ಪೆಟ್ಟಿಗೆಗಳಲ್ಲಿ ಇಂಥವಕ್ಕೆ ಜಾಗ ಕಮ್ಮಿ.

ದೇವರ ಮಾತು ಬಂದಾಗ ಇದೂ ನೆನಪಾಯ್ತು. 2009ರಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಬೈಂದೂರು ಕಡಲ ಹತ್ತಿರ ಒಬ್ಬ ಕನ್ನಡ ಸಿನಿಮಾ ನಿರ್ದೇಶಕರು ಚಾಪ್ಲಿನ್ನನ ದೊಡ್ಡ ಪ್ರತಿಮೆ ನಿಲ್ಲಿಸೋಕೆ ಹೋದರೆ, ಅವನು ಕ್ರಿಶ್ಚಿಯನ್ನು, ಇಲ್ಲಿ ಬೇಡ ಅಂತ ಗಲಾಟೆ ಮಾಡಿ ನಿಲ್ಲಿಸಿದರು. ಇದನ್ನ ಚಾಪ್ಲಿನ್ ತೆಗೆದಿದ್ದರೆ ಎರಡು ರೀಲು ಆಗುತ್ತಿತ್ತು.

ಬೆಲೆಯ ಮಾತು ಚುಟುಕಾಗಿ. 2012ರಲ್ಲಿ ಅಮೆರಿಕದ ಕ್ರೈಟೀರಿಯನ್ ಕಂಪನಿ ಎರಡೂ ರೂಪ ಸೇರಿಸಿ ಹೊಸದಾಗಿ ತಂದಿತು. 1925ರದ್ದಕ್ಕೆ ಟಿಮೊತಿ ಬ್ರಾಕ್ ವಾದ್ಯವೃಂದದ ಸಂಗೀತ ಹೊಂದಿಸಿದ್ದಾರೆ. ನೋಡಿದವರು ಹೇಳುವ ಪ್ರಕಾರ ಕೆಲಸ ಅಚ್ಚುಕಟ್ಟು. ನಮ್ಮ ಸೀನಿಯರ್ ಒಬ್ಬರು ಸಂಬಳ ಬಂದ ತಿಂಗಳು ಅದನ್ನ ತರಿಸಿದರು. ನಮ್ಮ ಯಂತ್ರದಲ್ಲಿ ಓಡಲಿಲ್ಲ. ಡಿವಿಡಿಗೆ ಅಮೆರಿಕ ಒಂದನೇ ವಲಯವಂತೆ, ನಾವು ಐದನೆಯವರಂತೆ. ತಟ್ಟೆಗೂ ಕೇರಿ ಇದೆ ಅಂತ ಆವತ್ತು ಗೊತ್ತಾಯ್ತು. 2025ರಲ್ಲಿ ಚಿತ್ರಕ್ಕೆ ನೂರು ತುಂಬಿದಾಗ ಇಟಲಿಯ ಬೊಲೋನ್ಯ ಸಿನೆಟೆಕಾದವರು 1925ರ ರೂಪವನ್ನೇ 4ಕೆಯಲ್ಲಿ ಹೊಸದು ಮಾಡಿ ಮೇ ತಿಂಗಳ ಕಾನ್ ಉತ್ಸವದಲ್ಲಿ ತೋರಿಸಿದರು. ನೂರನೇ ವರ್ಷಕ್ಕಾದರೂ ಹಿತ್ತಲವಳು ಹಾಲಿಗೆ ಬಂದಳು.

2003ರ ಪೆಟ್ಟಿಗೆಯ ಬಗ್ಗೆ ನಮ್ಮ ತೀರ್ಮಾನ ಇದು. ಎರಡು ರೂಪವನ್ನೂ ಕೊಟ್ಟದ್ದಕ್ಕೆ ಒಂದು ನಮಸ್ಕಾರ. ಬುರ್ಕಿನಾ ಫಾಸೊದ ನಿರ್ದೇಶಕ ಇದ್ರಿಸಾ ವೆದ್ರಾವೊಗೊ ಈ ಚಿತ್ರದ ಬಗ್ಗೆ ಮಾತಾಡುವ ಸಾಕ್ಷ್ಯಚಿತ್ರ ಸೇರಿಸಿದ್ದಕ್ಕೆ ಇನ್ನೊಂದು. ಒಂದು, ಎರಡು ಅಂತ ನಂಬರು ಹಾಕಿದ ಕೈಗೆ ಮಾತ್ರ ಇಲ್ಲ.

ಬರುವ ಎರಡನೇ ಶನಿವಾರ ರಾತ್ರಿ ಊಟವಾದ ಮೇಲೆ ಮತ್ತೆ ಹಾಕುತ್ತೇವೆ. ಎರಡನೇ ತಟ್ಟೆ ಮಾತ್ರ. ಹೆಣ್ಣುಮಕ್ಕಳ ಹಾಸ್ಟೆಲಿನವರೂ ಬರುತ್ತಾರೆ. ಜಾರ್ಜಿಯಾಳ ಕಾರ್ಡುಗಳನ್ನ ಅವರೇ ಓದುತ್ತಾರಂತೆ. ಜಾಕ್‌ನ ಮಾತಿಗೆ ಇನ್ನೂ ಒಬ್ಬರು ಬೇಕು, ಮಂಡ್ಯ ಕಡೆಯವರಾದರೆ ಒಳ್ಳೇದು. ಬೆಡ್‌ಶೀಟು ಒಗೆದದ್ದು ತನ್ನಿ.